ಲಿಂಕ್ ಒತ್ತಿದರೆ ಖಾಲಿ ಟ್ಯಾಬ್: ಲಿನಕ್ಸ್‌ನ ಲಾಂಚರ್ ಸ್ಕ್ರಿಪ್ಟ್ ಎಲ್ಲಿ ಎಡವುತ್ತದೆ, ಹಿಡಿಯುವುದು ಹೇಗೆ

ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಬ್ರೌಸರ್ ತೆರೆಯುತ್ತದೆ, ಪುಟ ಮಾತ್ರ ಬರುವುದಿಲ್ಲ. ಇಲ್ಲವೇ ಪುಟ ಬರುತ್ತದೆ, ವಿಳಾಸದಲ್ಲಿ & ಚಿಹ್ನೆಯಿಂದ ಆಚೆಗಿನದೆಲ್ಲ ಮಾಯವಾಗಿರುತ್ತದೆ. ಇಲ್ಲವೇ ಮೊದಲ ಲಿಂಕ್ ಸರಿಯಾಗಿ ತೆರೆದು, ಎರಡನೆಯದಕ್ಕೆ 'ಫೈರ್‌ಫಾಕ್ಸ್ ಆಗಲೇ ಓಡುತ್ತಿದೆ, ಆದರೆ ಸ್ಪಂದಿಸುತ್ತಿಲ್ಲ' ಎಂಬ ಪೆಟ್ಟಿಗೆ ಎದುರಾಗುತ್ತದೆ. ಇನ್ನು ಕೆಲವೊಮ್ಮೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಇಲ್ಲ. ನಾಲ್ಕೂ ಬೇರೆ ಬೇರೆ ಕಾಯಿಲೆಗಳು. ಬ್ರೌಸರನ್ನು ತೆಗೆದು ಮತ್ತೆ ಹಾಕಿದರೆ ಇವುಗಳಲ್ಲಿ ಯಾವುದೂ ವಾಸಿಯಾಗುವುದು ಅಪರೂಪ. ತಪ್ಪು ಸಾಮಾನ್ಯವಾಗಿ ಬ್ರೌಸರ್‌ನ ಬಾಗಿಲಲ್ಲಿ ನಿಂತಿರುವ ಹತ್ತಿಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟ್‌ನಲ್ಲಿರುತ್ತದೆ, ಅಥವಾ ಅದನ್ನು ಕರೆಯುವ .ಡೆಸ್ಕ್‌ಟಾಪ್ ಫೈಲ್‌ನಲ್ಲಿರುತ್ತದೆ, ಅಂದರೆ ಆ್ಯಪ್‌ನ ಹೆಸರು ಮತ್ತು ಅದನ್ನು ಓಡಿಸುವ ಕಮಾಂಡ್ ಬರೆದಿಟ್ಟ ಫೈಲ್‌ನಲ್ಲಿ.

ಮೊದಲೇ ಒಂದು ಮಾತು. ಕಮಾಂಡ್, ಫೈಲ್, ಫೋಲ್ಡರ್ ಹೆಸರುಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಕಮಾಂಡ್‌ಗಳೆಲ್ಲ ಸಣ್ಣ ಅಕ್ಷರ, ಎನ್ವಿರಾನ್ಮೆಂಟ್ ವೇರಿಯಬಲ್‌ಗಳೆಲ್ಲ (ಒಂದು ಪ್ರೋಗ್ರಾಮ್ ತಾನು ಎಬ್ಬಿಸುವ ಪ್ರೋಗ್ರಾಮ್‌ಗೆ ದಾಟಿಸುವ ಸೆಟ್ಟಿಂಗ್‌ಗಳು) ದೊಡ್ಡ ಅಕ್ಷರ. ಡಾಲರ್, ಕೋಟ್, ಅಡ್ಡಗೆರೆಗಳನ್ನು ಇದ್ದದ್ದು ಇದ್ದ ಹಾಗೆಯೇ ಹೊಡೆಯಿರಿ. ಜಗಳ ಇರುವುದೇ ಅವುಗಳಲ್ಲಿ.

ವಿಳಾಸ ಎಷ್ಟು ಕೈ ದಾಟುತ್ತದೆ

ನೀವು ಲಿಂಕ್ ಒತ್ತಿದ ಆ್ಯಪ್ ಬಹುತೇಕ ಎಕ್ಸ್‌ಡಿಜಿ-ಓಪನ್ ಎಂಬ ಕಮಾಂಡನ್ನು ಕರೆಯುತ್ತದೆ. ಇದೂ ಒಂದು ಶೆಲ್ ಸ್ಕ್ರಿಪ್ಟೇ. ಎಕ್ಸ್‌ಡಿಜಿ-ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಬರುತ್ತದೆ. ಅದು ಎಕ್ಸ್‌ಡಿಜಿ_ಕರೆಂಟ್_ಡೆಸ್ಕ್‌ಟಾಪ್ ವೇರಿಯಬಲ್ ನೋಡಿ ಯಾವ ಡೆಸ್ಕ್‌ಟಾಪ್ ಎಂದು ಊಹಿಸುತ್ತದೆ. ಗ್ನೋಮ್ ಆದರೆ ಜಿಐಒ ಓಪನ್‌ಗೆ, ಕೆಡಿಇ ಆದರೆ ಕೆಡಿಇ-ಓಪನ್‌ಗೆ, ಎಕ್ಸ್‌ಎಫ್‌ಸಿಇ ಆದರೆ ಎಕ್ಸೋ-ಓಪನ್‌ಗೆ ಕೆಲಸ ಒಪ್ಪಿಸುತ್ತದೆ. ಯಾವುದೂ ಅಲ್ಲದಿದ್ದರೆ, ಅಂದರೆ ಐ3, ಸ್ವೇ ಮುಂತಾದ ಹಗುರ ವಿಂಡೋ ಮ್ಯಾನೇಜರ್‌ಗಳ ಕಡೆ, ತಾನೇ .ಡೆಸ್ಕ್‌ಟಾಪ್ ಫೈಲ್ ಹುಡುಕಿ, ಅದರ ಎಕ್ಸೆಕ್ ಸಾಲನ್ನು (ಓಡಿಸಬೇಕಾದ ಕಮಾಂಡ್ ಇರುವ ಸಾಲು) ಬಿಡಿಸಿ ಓದಿ ಓಡಿಸುತ್ತದೆ. ಈ ಕೊನೆಯ ದಾರಿಯಲ್ಲಿ ಕೋಟ್‌ಗಳನ್ನು ಬಿಡಿಸುವ ಕೆಲಸ ಜಿಐಒದಷ್ಟು ನಾಜೂಕಾಗಿ ಆಗುವುದಿಲ್ಲ. ಒಂದೇ ಎಕ್ಸೆಕ್ ಸಾಲು ಗ್ನೋಮ್‌ನಲ್ಲಿ ಓಡಿ ಐ3ಯಲ್ಲಿ ಮುಗ್ಗರಿಸುವುದು ಇದಕ್ಕೇ.

ಎಕ್ಸೆಕ್ ಸಾಲು ಕರೆಯುವ ಪ್ರೋಗ್ರಾಮ್ ಕೂಡ ಬಹಳ ಸಲ ಅಸಲಿ ಬ್ರೌಸರ್ ಅಲ್ಲ. ಡೆಬಿಯನ್‌ನ /ಯುಎಸ್‌ಆರ್/ಬಿನ್/ಕ್ರೋಮಿಯಂ ಒಂದು ಸ್ಕ್ರಿಪ್ಟ್, ಫೆಡೋರಾದ /ಯುಎಸ್‌ಆರ್/ಬಿನ್/ಫೈರ್‌ಫಾಕ್ಸ್ ಒಂದು ಸ್ಕ್ರಿಪ್ಟ್. ಪ್ರೊಫೈಲ್ ಬದಲಿಸಲು, ಪ್ರಾಕ್ಸಿ ಹಾಕಲು, ಲಿಂಕ್ ನೋಡಿ ಬ್ರೌಸರ್ ಆರಿಸಲು ನಾವೇ ಬರೆದುಕೊಂಡ ಸ್ಕ್ರಿಪ್ಟ್‌ಗಳು ಇನ್ನೊಂದು ಸಾಲು. ವಿಳಾಸ ಹೀಗೆ ನಾಲ್ಕೈದು ಕೈ ದಾಟಿ ಹೋಗುತ್ತದೆ. ಯಾವ ಕೈ ಅದನ್ನು ಕೆಳಗೆ ಬೀಳಿಸಿತು ಎಂದು ಕಣ್ಣಾರೆ ಕಾಣುವವರೆಗೆ ಏನನ್ನೂ ತಿದ್ದಬೇಡಿ.

ಕೊನೆಯ ಕೈಯಿಂದ ಶುರು ಮಾಡಿ

ಪರೀಕ್ಷೆಗೆ ಒಂದು ಕಿಡಿಗೇಡಿ ವಿಳಾಸ ಇಟ್ಟುಕೊಳ್ಳಿ. ಸಾದಾ ವಿಳಾಸದಲ್ಲಿ ಎಲ್ಲ ಸ್ಕ್ರಿಪ್ಟ್‌ಗಳೂ ಸಾಧುಗಳೇ.

'ಎಚ್‌ಟಿಟಿಪಿಎಸ್://ಎಕ್ಸಾಂಪಲ್.ಕಾಮ್/ಎ%20ಬಿ?ಎಕ್ಸ್=1&ವೈ=2#ಕೊನೆ'

ಸುತ್ತಲಿನ ಸಿಂಗಲ್ ಕೋಟ್ ಮರೆಯಬೇಡಿ. ಕೋಟ್ ಇಲ್ಲದೆ ಹೊಡೆದರೆ ನಿಮ್ಮ ಶೆಲ್ಲೇ & ಚಿಹ್ನೆಯಲ್ಲಿ ಸಾಲು ಕತ್ತರಿಸಿ, ಮೊದಲ ಭಾಗವನ್ನು ಹಿನ್ನೆಲೆಗೆ ತಳ್ಳಿ, ವೈ=2 ಎಂಬುದನ್ನು ವೇರಿಯಬಲ್ ಎಂದು ತಿಳಿದು ನುಂಗಿಬಿಡುತ್ತದೆ. ಝಡ್‌ಶೆಲ್ ಆದರೆ ಪ್ರಶ್ನಾರ್ಥಕ ಚಿಹ್ನೆ ನೋಡಿ 'ಹೊಂದುವ ಫೈಲ್ ಇಲ್ಲ' ಎಂದು ಗೊಣಗುತ್ತದೆ. ಸ್ಕ್ರಿಪ್ಟ್ ಸರಿಯಿದ್ದು ಪರೀಕ್ಷೆಯೇ ತಪ್ಪಾಗಿ ಅರ್ಧ ದಿನ ಹೋಗುವುದು ಹೀಗೆ.

ಈಗ ಹಿಂದಿನಿಂದ ಮುಂದಕ್ಕೆ ಬನ್ನಿ. ಮೊದಲು ಅಸಲಿ ಬ್ರೌಸರ್‌ಗೇ, ಅಂದರೆ /ಯುಎಸ್‌ಆರ್/ಲಿಬ್ ಅಥವಾ /ಆಪ್ಟ್ ಒಳಗಿರುವ ಬೈನರಿಗೆ, ಈ ವಿಳಾಸ ಕೊಟ್ಟು ನೋಡಿ. ಯಾವುದು ಸ್ಕ್ರಿಪ್ಟ್, ಯಾವುದು ಬೈನರಿ ಎಂದು ತಿಳಿಯಲು 'ಫೈಲ್' ಎಂಬ ಕಮಾಂಡ್ ಸಾಕು. ನಡುವೆ ಸಿಮ್‌ಲಿಂಕ್ (ಬೇರೆ ಜಾಗದತ್ತ ಕೈ ತೋರುವ ಫೈಲ್) ಇದ್ದರೆ 'ರೀಡ್‌ಲಿಂಕ್ -ಎಫ್' ಕೊನೆಯ ಜಾಗ ತೋರಿಸುತ್ತದೆ. ಅದು ಸರಿಯಾದರೆ ಲಾಂಚರ್ ಸ್ಕ್ರಿಪ್ಟ್‌ಗೆ ಕೊಡಿ. ಅದೂ ಸರಿಯಾದರೆ ಜಿಟಿಕೆ-ಲಾಂಚ್‌ಗೆ .ಡೆಸ್ಕ್‌ಟಾಪ್ ಫೈಲ್‌ನ ಹೆಸರು, ಅದರ ಮುಂದೆ ವಿಳಾಸ ಕೊಡಿ. ಆಮೇಲೆ ಎಕ್ಸ್‌ಡಿಜಿ-ಓಪನ್. ಕೊನೆಗೆ ಆ್ಯಪ್‌ನೊಳಗಿನ ಕ್ಲಿಕ್. ಯಾವ ಮೆಟ್ಟಿಲಲ್ಲಿ ಮೊದಲ ಸಲ ಕೆಡುತ್ತದೋ ತಪ್ಪು ಅಲ್ಲೇ ಇದೆ.

ಎಕ್ಸ್‌ಡಿಜಿ-ಓಪನ್ ಮೆಟ್ಟಿಲಲ್ಲಿ ಕೆಟ್ಟರೆ ಕೂಡಲೇ 'ಎಕೋ $?' ಹೊಡೆದು ಅದು ಹಿಂತಿರುಗಿಸಿದ ಅಂಕಿ ನೋಡಿ. 1 ಬಂದರೆ ಕಮಾಂಡ್ ಬರೆದ ರೀತಿ ತಪ್ಪು, 2 ಬಂದರೆ ಕೊಟ್ಟ ಫೈಲ್ ಇಲ್ಲ, 3 ಬಂದರೆ ಬೇಕಾದ ಉಪಕರಣ ಸಿಗಲಿಲ್ಲ, 4 ಬಂದರೆ ಕೆಲಸ ಮಾಡಲು ಹೋಗಿ ಸೋತಿತು. 0 ಬಂದೂ ಪುಟ ತೆರೆಯದಿದ್ದರೆ ಅದು ತನ್ನ ಪಾಲಿನ ಕೆಲಸ ಮುಗಿಸಿ ಮುಂದಿನವರಿಗೆ ದಾಟಿಸಿದೆ ಎಂದರ್ಥ. ಲಾಂಚರ್ ಸ್ಕ್ರಿಪ್ಟನ್ನು ನೇರವಾಗಿ ಓಡಿಸಿದಾಗ 127 ಬಂದರೆ ಕಮಾಂಡ್ ಸಿಗಲಿಲ್ಲ. 126 ಬಂದರೆ ಸಿಕ್ಕಿತು, ಓಡಿಸುವ ಅನುಮತಿ ಇಲ್ಲ, 'ಸಿಎಚ್‌ಮಾಡ್ +ಎಕ್ಸ್' ಮರೆತಿದ್ದೀರಿ. ಎಕ್ಸ್‌ಡಿಜಿ-ಓಪನ್ ಯಾವ ಡೆಸ್ಕ್‌ಟಾಪ್ ಎಂದು ತಿಳಿದಿದೆ ಎಂಬುದನ್ನು ಅದರ ಬಾಯಿಂದಲೇ ಕೇಳಬೇಕಾದರೆ ಎಕ್ಸ್‌ಡಿಜಿ_ಯುಟಿಲ್ಸ್_ಡೀಬಗ್_ಲೆವೆಲ್=2 ಎಂದು ಸಾಲಿನ ಮೊದಲಿಗೆ ಸೇರಿಸಿ ಓಡಿಸಿ.

ದಾರಿಯಲ್ಲೊಂದು ಬಲೆ

ಆ್ಯಪ್‌ನೊಳಗಿನ ಕ್ಲಿಕ್ ಮಾತ್ರ ಕೆಡುತ್ತದೆ, ಟರ್ಮಿನಲ್‌ನಲ್ಲಿ ಎಲ್ಲ ಸರಿ ಎನ್ನುವ ಸಂದರ್ಭವೇ ಹೆಚ್ಚು ತಲೆ ತಿನ್ನುವುದು. ಇದಕ್ಕೆ ಬ್ರೌಸರ್ ಜಾಗದಲ್ಲಿ ತಾತ್ಕಾಲಿಕವಾಗಿ ಒಂದು ಬಲೆ ಕೂರಿಸಿ. ಹೋಮ್ ಫೋಲ್ಡರ್‌ನ .ಲೋಕಲ್/ಬಿನ್ ಒಳಗೆ ಲಿಂಕ್‌ಬಲೆ ಎಂಬ ಫೈಲ್ ಮಾಡಿ ಇಷ್ಟು ಬರೆಯಿರಿ:

#!/ಬಿನ್/ಎಸ್‌ಎಚ್
{
ಡೇಟ್
ಪಿಎಸ್ -ಒ ಆರ್ಗ್ಸ್= -ಪಿ "$ಪಿಪಿಐಡಿ"
ಪ್ರಿಂಟ್‌ಎಫ್ 'ಎಣಿಕೆ %ಎಸ್\ಎನ್' "$#"
ಪ್ರಿಂಟ್‌ಎಫ್ '<%ಎಸ್>\ಎನ್' "$@"
ಎನ್ವ್ | ಸಾರ್ಟ್
} >> /ಟಿಎಂಪಿ/ಲಿಂಕ್.ಲಾಗ್ 2>&1

ಓಡಿಸುವ ಅನುಮತಿ ಕೊಡಿ. ಈಗಿರುವ ಡೀಫಾಲ್ಟ್ ಯಾವುದು ಎಂದು 'ಎಕ್ಸ್‌ಡಿಜಿ-ಮೈಮ್ ಕ್ವೆರಿ ಡೀಫಾಲ್ಟ್ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್' ಹೊಡೆದು ಬರೆದಿಟ್ಟುಕೊಳ್ಳಿ, ಹಿಂದಕ್ಕೆ ಬರಲು ಬೇಕಾಗುತ್ತದೆ. ನಂತರ .ಲೋಕಲ್/ಷೇರ್/ಅಪ್ಲಿಕೇಷನ್ಸ್ ಒಳಗೆ ಇದೇ ಹೆಸರಿನ .ಡೆಸ್ಕ್‌ಟಾಪ್ ಫೈಲ್ ಮಾಡಿ. ಅದರಲ್ಲಿ [ಡೆಸ್ಕ್‌ಟಾಪ್ ಎಂಟ್ರಿ] ಎಂಬ ತಲೆಸಾಲು, ಟೈಪ್=ಅಪ್ಲಿಕೇಷನ್, ಒಂದು ನೇಮ್, ಎಕ್ಸೆಕ್‌ನಲ್ಲಿ ಬಲೆಯ ಪೂರ್ಣ ಪಾತ್ ಮತ್ತು %ಯು, ಮೈಮ್‌ಟೈಪ್‌ನಲ್ಲಿ ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿ; ಎಕ್ಸ್-ಸ್ಕೀಮ್-ಹ್ಯಾಂಡ್ಲರ್/ಎಚ್‌ಟಿಟಿಪಿಎಸ್; ಎರಡನ್ನೂ ನಡುವೆ ಜಾಗ ಬಿಡದೆ ಬರೆಯಿರಿ, ಕೊನೆಯ ಅರ್ಧವಿರಾಮ ಸಹಿತ. 'ಎಕ್ಸ್‌ಡಿಜಿ-ಮೈಮ್ ಡೀಫಾಲ್ಟ್' ಕಮಾಂಡ್‌ನಿಂದ ಎರಡೂ ಸ್ಕೀಮ್‌ಗಳಿಗೆ ಇದನ್ನೇ ಡೀಫಾಲ್ಟ್ ಮಾಡಿ. ಈಗ ತೊಂದರೆ ಕೊಡುವ ಆ್ಯಪ್‌ಗೆ ಹೋಗಿ ಲಿಂಕ್ ಒತ್ತಿ, ಲಾಗ್ ತೆರೆಯಿರಿ.

ಕೋನದ ಆವರಣಗಳ ನಡುವೆ ಪೂರ್ತಿ ವಿಳಾಸ ಇದ್ದು ಎಣಿಕೆ 1 ಎಂದಿದ್ದರೆ, ಬಲೆಯವರೆಗಿನ ದಾರಿ ಚೊಕ್ಕವಾಗಿದೆ. ತಪ್ಪು ನಿಮ್ಮ ಹಳೆಯ ಸ್ಕ್ರಿಪ್ಟ್‌ನದು. ಎಣಿಕೆ 0 ಇದ್ದರೆ ವಿಳಾಸ ಬರಲೇ ಇಲ್ಲ. ಎಣಿಕೆ 2 ಇದ್ದು ವಿಳಾಸ ಎರಡು ತುಂಡಾಗಿ ಎರಡು ಸಾಲಿನಲ್ಲಿ ಬಿದ್ದಿದ್ದರೆ ಮಧ್ಯದ ಯಾರೋ ಕೋಟ್ ಬಿಟ್ಟಿದ್ದಾರೆ. ಯಾರು ಕರೆದದ್ದು ಎಂಬುದು ಮೇಲಿನ ಸಾಲಿನಲ್ಲೇ ಇದೆ. ಲಾಗ್‌ಗೆ ಏನೂ ಬೀಳದಿದ್ದರೆ ಆ್ಯಪ್ ಬೇರೆ ದಾರಿ ಹಿಡಿದಿದೆ: ತನ್ನದೇ ಸೆಟ್ಟಿಂಗ್‌ನಲ್ಲಿ ಬ್ರೌಸರ್ ಹೆಸರು ಬರೆದುಕೊಂಡಿರುತ್ತದೆ, ಇಲ್ಲವೇ ಬ್ರೌಸರ್ ಎಂಬ ಹೆಸರಿನ ಎನ್ವಿರಾನ್ಮೆಂಟ್ ವೇರಿಯಬಲ್ ನೋಡುತ್ತಿರುತ್ತದೆ. ಎನ್ವಿರಾನ್ಮೆಂಟ್ ಪಟ್ಟಿಯನ್ನು ಅಳಿಸಬೇಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಬಲೆ ಹಾಕುವಷ್ಟು ಸಮಯ ಇಲ್ಲದಿದ್ದರೆ ಎಸ್‌ಟ್ರೇಸ್ ಇದೆ:

ಎಸ್‌ಟ್ರೇಸ್ -ಎಫ್ -ಎಸ್ 500 -ಇ ಟ್ರೇಸ್=ಎಕ್ಸೆಕ್‌ವಿಇ ಎಕ್ಸ್‌ಡಿಜಿ-ಓಪನ್ 'ವಿಳಾಸ'

ಯಾರು ಯಾರನ್ನು ಯಾವ ಆರ್ಗ್ಯುಮೆಂಟ್‌ಗಳೊಂದಿಗೆ ಕರೆದರು ಎಂದು ಒಂದೊಂದೇ ಸಾಲಾಗಿ ಬರುತ್ತದೆ. '-ಎಸ್ 500' ಬಿಡಬೇಡಿ. ಅದಿಲ್ಲದಿದ್ದರೆ ಎಸ್‌ಟ್ರೇಸ್ ಪ್ರತಿ ಪದವನ್ನೂ 32 ಅಕ್ಷರಕ್ಕೆ ಕತ್ತರಿಸಿ ತೋರಿಸುತ್ತದೆ, ವಿಳಾಸವನ್ನು ಸ್ಕ್ರಿಪ್ಟೇ ತುಂಡರಿಸಿತು ಎಂದು ನೀವು ತಪ್ಪು ತಿಳಿಯುತ್ತೀರಿ.

ಸ್ಕ್ರಿಪ್ಟ್ ಒಳಗಿನ ತಪ್ಪುಗಳು

ಮೊದಲ ಸ್ಥಾನ ಕೋಟ್‌ಗೆ. $* ಎಂದೋ $@ ಎಂದೋ ಬರಿದಾಗಿ ಬರೆದರೆ ಶೆಲ್ ಅದನ್ನು ಜಾಗ ಇರುವಲ್ಲೆಲ್ಲ ಒಡೆಯುತ್ತದೆ, ಜೊತೆಗೆ * ಮತ್ತು ? ಕಂಡರೆ ಫೈಲ್ ಹೆಸರು ಹುಡುಕಲು ಹೊರಡುತ್ತದೆ. ಸಾಮಾನ್ಯವಾಗಿ ಹೊಂದುವ ಫೈಲ್ ಇರುವುದಿಲ್ಲ, ವಿಳಾಸ ಬದುಕಿಕೊಳ್ಳುತ್ತದೆ. ಆದ್ದರಿಂದಲೇ ಈ ತಪ್ಪು ವರ್ಷಗಟ್ಟಲೆ ಅಡಗಿ ಕೂರಬಲ್ಲದು. ಸ್ಕ್ರಿಪ್ಟ್‌ನಲ್ಲಿ ಎಲ್ಲೋ ನಲ್‌ಗ್ಲಾಬ್ (ಹೊಂದುವ ಫೈಲ್ ಇಲ್ಲದಿದ್ದರೆ ಆ ಪದವನ್ನೇ ತೆಗೆದುಹಾಕುವ ಬ್ಯಾಷ್ ಆಯ್ಕೆ) ಹಚ್ಚಿದ್ದರೆ ಪ್ರಶ್ನಾರ್ಥಕ ಚಿಹ್ನೆ ಇರುವ ವಿಳಾಸ ಸದ್ದಿಲ್ಲದೆ ಮಾಯ, ಖಾಲಿ ಟ್ಯಾಬ್ ಗ್ಯಾರಂಟಿ. "$*" ಎಂದು ಕೋಟ್ ಹಾಕಿದರೂ ಸಾಲದು, ಎರಡು ವಿಳಾಸ ಬಂದರೆ ಅಂಟಿಸಿ ಒಂದಾಗಿಸುತ್ತದೆ. "$1" ಬರೆದರೆ ಎರಡನೆಯ ವಿಳಾಸ ಬಿದ್ದುಹೋಗುತ್ತದೆ. ಬೇಕಾದ್ದು "$@", ಡಬಲ್ ಕೋಟ್ ಸಹಿತ. ಅದಕ್ಕೆ ಬದಲಿ ಇಲ್ಲ.

ಎರಡನೆಯದು ಇವ್ಯಾಲ್, ಅದರ ತಮ್ಮ 'ಎಸ್‌ಎಚ್ -ಸಿ'. ಕಮಾಂಡನ್ನು ಒಂದು ವೇರಿಯಬಲ್‌ನಲ್ಲಿ ಜೋಡಿಸಿ, ಕೊನೆಗೆ ಇವ್ಯಾಲ್ ಮಾಡುವ ಸ್ಕ್ರಿಪ್ಟ್‌ನಲ್ಲಿ ವಿಳಾಸ ಎರಡನೆಯ ಸಲ ಶೆಲ್ಲಿನ ಕಣ್ಣಿಗೆ ಬೀಳುತ್ತದೆ. & ಇದ್ದಲ್ಲಿ ಸಾಲು ಮುರಿಯುತ್ತದೆ, ಅರ್ಧವಿರಾಮದ ಆಚೆಗಿನದು ಕಮಾಂಡ್ ಆಗಿ ಓಡುತ್ತದೆ. ಇದು ಬರೀ ದೋಷವಲ್ಲ, ಅಪರಿಚಿತರು ಕಳಿಸಿದ ಲಿಂಕ್ ನಿಮ್ಮ ಕಂಪ್ಯೂಟರ್‌ನಲ್ಲಿ ಕಮಾಂಡ್ ಓಡಿಸಲು ಬಾಗಿಲು. ಇವ್ಯಾಲ್ ಕಂಡರೆ ತಿದ್ದಲು ಹೋಗಬೇಡಿ, ಕಿತ್ತುಹಾಕಿ.

ಹೆಚ್ಚು ಮಂದಿ ಗಮನಿಸದ ಒಂದು: ಪ್ರಿಂಟ್‌ಎಫ್ "$1". ಇಲ್ಲಿ ವಿಳಾಸವೇ ಫಾರ್ಮ್ಯಾಟ್ ಆಗಿಬಿಡುತ್ತದೆ. ನಮ್ಮ ಪರೀಕ್ಷೆಯ ವಿಳಾಸದ %20ಬಿ ತುಂಡನ್ನು ನೋಡಿ. ಜಾಗಕ್ಕೆ ಬದಲು ಬರೆಯುವ %20, ಅದರ ಬೆನ್ನಿಗೆ ಬಿ ಅಕ್ಷರ. ಪ್ರಿಂಟ್‌ಎಫ್ ಕಣ್ಣಿಗೆ ಇದು '20 ಅಕ್ಷರ ಅಗಲದ %ಬಿ' ಎಂಬ ಅಪ್ಪಣೆ. ತುಂಬಲು ಏನೂ ಕೊಟ್ಟಿಲ್ಲವಾದ್ದರಿಂದ ಅಷ್ಟೂ ಜಾಗಕ್ಕೆ 20 ಖಾಲಿ ಸ್ಪೇಸ್ ಸುರಿಯುತ್ತದೆ. %20 ಆದಮೇಲೆ ಡಿ ಅಕ್ಷರ ಬಂದಿದ್ದರೆ 19 ಸ್ಪೇಸ್ ಮತ್ತು ಒಂದು ಸೊನ್ನೆ. ಕೆಲವೇ ಲಿಂಕ್‌ಗಳು ಮಾತ್ರ ವಿಚಿತ್ರವಾಗಿ ಕೆಡುತ್ತವೆ, ಉಳಿದವು ಸರಿ ಎಂಬ ದೂರಿದ್ದರೆ ಸ್ಕ್ರಿಪ್ಟ್‌ನಲ್ಲಿ ಪ್ರಿಂಟ್‌ಎಫ್ ಹುಡುಕಿ. ಸರಿಯಾದ ರೂಪ: ಪ್ರಿಂಟ್‌ಎಫ್ '%ಎಸ್' "$1".

ಷರತ್ತು ಬರೆಯುವಲ್ಲೂ ಇದೇ ಕಥೆ. [ $1 = "" ] ಎಂದು ಕೋಟ್ ಇಲ್ಲದೆ ಬರೆದರೆ, ವಿಳಾಸ ಇಲ್ಲದಾಗ ಒಂದು ಬಗೆಯ ದೋಷ, ಜಾಗ ಇರುವ ವಿಳಾಸ ಬಂದಾಗ ಇನ್ನೊಂದು ಬಗೆಯ ದೋಷ. ಎರಡರಲ್ಲೂ ಸ್ಕ್ರಿಪ್ಟ್ ನಿಲ್ಲುವುದಿಲ್ಲ. ಷರತ್ತು ಸುಳ್ಳು ಎಂದು ತಿಳಿದು ಎಲ್ಸ್ ಭಾಗಕ್ಕೆ ಇಳಿಯುತ್ತದೆ. ಮೌಸ್‌ನಿಂದ ಒತ್ತಿದಾಗ ದೋಷದ ಸಂದೇಶ ನೋಡುವವರೂ ಇರುವುದಿಲ್ಲ.

'ಸೆಟ್ -ಇ' ಹಾಕಿ ಶಿಸ್ತಾಗಿ ಬರೆದ ಸ್ಕ್ರಿಪ್ಟ್‌ಗೂ ಒಂದು ಗುಂಡಿ ಇದೆ. ಬ್ರೌಸರ್ ಓಡುತ್ತಿದೆಯೇ ಎಂದು ತಿಳಿಯಲು ಪಿಗ್ರೆಪ್ ಕರೆಯುತ್ತೀರಿ. ಓಡದಿದ್ದರೆ ಪಿಗ್ರೆಪ್ 1 ಹಿಂತಿರುಗಿಸುತ್ತದೆ. 'ಸೆಟ್ -ಇ' ಅದನ್ನು ದೋಷ ಎಂದು ತಿಳಿದು ಸ್ಕ್ರಿಪ್ಟನ್ನು ಅಲ್ಲೇ ಮುಗಿಸುತ್ತದೆ. ಹೊರಗೆ ಕಾಣುವ ಲಕ್ಷಣ ಬಹಳ ಖಚಿತ: ಬ್ರೌಸರ್ ಮೊದಲೇ ತೆರೆದಿದ್ದರೆ ಲಿಂಕ್ ತೆರೆಯುತ್ತದೆ, ಮುಚ್ಚಿದ್ದರೆ ಇಲ್ಲ. ಪಿಗ್ರೆಪ್ ಸಾಲನ್ನು ಇಫ್ ಒಳಗೆ ಕೂರಿಸಿದರೆ ಸರಿಹೋಗುತ್ತದೆ. ಪಿಗ್ರೆಪ್ ಪ್ರೋಗ್ರಾಮ್ ಹೆಸರಿನ ಮೊದಲ 15 ಅಕ್ಷರ ಮಾತ್ರ ಹೋಲಿಸುತ್ತದೆ ಎಂಬುದೂ ನೆನಪಿರಲಿ. ಅದಕ್ಕಿಂತ ಉದ್ದದ ಹೆಸರು ಕೊಟ್ಟರೆ '-ಎಫ್' ಇಲ್ಲದೆ ಎಂದೂ ಹೊಂದುವುದಿಲ್ಲ.

ಮೊದಲ ಸಾಲಿನ ವಿಷಯ. #!/ಬಿನ್/ಎಸ್‌ಎಚ್ ಎಂದು ಬರೆದು ಒಳಗೆ ಬ್ಯಾಷ್‌ನ [[ ]], ಅರೇ, ಸೋರ್ಸ್ ಬಳಸಿದ ಸ್ಕ್ರಿಪ್ಟ್ ಫೆಡೋರಾದಲ್ಲಿ, ಆರ್ಚ್‌ನಲ್ಲಿ ಓಡುತ್ತದೆ. ಅಲ್ಲಿ ಎಸ್‌ಎಚ್ ಎಂದರೂ ಬ್ಯಾಷೇ. ಉಬುಂಟುವಿನಲ್ಲಿ 2006ರ 6.10 ಆವೃತ್ತಿಯಿಂದ, ಡೆಬಿಯನ್‌ನಲ್ಲಿ 2011ರ 6.0 ಆವೃತ್ತಿಯಿಂದ ಎಸ್‌ಎಚ್ ಎಂದರೆ ಡ್ಯಾಷ್ ಎಂಬ ಬೇರೆಯೇ ಶೆಲ್, ಅಲ್ಲಿ ಬೀಳುತ್ತದೆ. ಇನ್ನೂ ಸೂಕ್ಷ್ಮದ್ದು ಶಿಫ್ಟ್: ಆರ್ಗ್ಯುಮೆಂಟ್ ಇಲ್ಲದಾಗ ಶಿಫ್ಟ್ ಮಾಡಿದರೆ ಬ್ಯಾಷ್ ಸುಮ್ಮನೆ ಮುಂದೆ ಸಾಗುತ್ತದೆ, ಡ್ಯಾಷ್ ಸ್ಕ್ರಿಪ್ಟನ್ನೇ ನಿಲ್ಲಿಸುತ್ತದೆ. ವಿಂಡೋಸ್‌ನಲ್ಲಿ ತಿದ್ದಿ ತಂದ ಸ್ಕ್ರಿಪ್ಟ್ ಆದರೆ ಸಾಲಿನ ಕೊನೆಯಲ್ಲಿ ಕಾಣದ ಒಂದು ಅಕ್ಷರ ಉಳಿದು, ^ ಚಿಹ್ನೆಯ ಮುಂದೆ ದೊಡ್ಡ ಎಂ ಅಕ್ಷರದೊಂದಿಗೆ 'ಇಂಟರ್‌ಪ್ರಿಟರ್ ಸರಿಯಿಲ್ಲ' ಎಂಬ ದೂರು ಬರುತ್ತದೆ. ಡಾಸ್2ಯುನಿಕ್ಸ್ ಹಾಯಿಸಿದರೆ ಮುಗಿಯಿತು.

ಇವನ್ನೆಲ್ಲ ಕಣ್ಣಲ್ಲೇ ಹುಡುಕುವ ಬದಲು, ಸ್ಕ್ರಿಪ್ಟ್‌ನ ತಪ್ಪು ಹಿಡಿಯುವ ಶೆಲ್‌ಚೆಕ್ ಓಡಿಸಿ. ಕೋಟ್ ಬಿಟ್ಟಲ್ಲೆಲ್ಲ ಎಸ್‌ಸಿ2086 ಅಥವಾ ಅಂಥದೇ ಎಚ್ಚರಿಕೆ ಕೊಡುತ್ತದೆ. ಲಾಂಚರ್‌ನಲ್ಲಿ ಆ ಎಚ್ಚರಿಕೆಯನ್ನು ಸುಮ್ಮನಿರಿಸುವ ಕಾಮೆಂಟ್ ಕಂಡರೆ ಅಲ್ಲೇ ಮೊದಲು ಅನುಮಾನ ಪಡಿ.

ತನ್ನನ್ನೇ ಕರೆದುಕೊಳ್ಳುವ ಸ್ಕ್ರಿಪ್ಟ್

ಲಿಂಕ್ ನೋಡಿ ಬ್ರೌಸರ್ ಆರಿಸುವ ಸ್ಕ್ರಿಪ್ಟ್ ಬರೆಯುವವರು ಬಹುತೇಕ ಬೀಳುವ ಹಳ್ಳ ಇದು. ಕೆಲಸದ ಲಿಂಕ್ ಆದರೆ ಕ್ರೋಮಿಯಂ, ಉಳಿದದ್ದಕ್ಕೆ ಎಕ್ಸ್‌ಡಿಜಿ-ಓಪನ್ ಎಂದು ಬರೆಯುತ್ತಾರೆ. ಆಮೇಲೆ ಆ ಸ್ಕ್ರಿಪ್ಟನ್ನೇ ಡೀಫಾಲ್ಟ್ ಬ್ರೌಸರ್ ಮಾಡುತ್ತಾರೆ. ಎಕ್ಸ್‌ಡಿಜಿ-ಓಪನ್ ಡೀಫಾಲ್ಟ್ ಯಾರು ಎಂದು ಕೇಳುತ್ತದೆ, ಉತ್ತರ ಇದೇ ಸ್ಕ್ರಿಪ್ಟ್. ಗಾಣದ ಎತ್ತಿನಂತೆ ಸುತ್ತು ಶುರು. ಫ್ಯಾನ್ ಕೂಗುತ್ತದೆ, ಪುಟ ತೆರೆಯುವುದಿಲ್ಲ, ಪ್ರೋಸೆಸ್ ಸಂಖ್ಯೆ ಏರುತ್ತಲೇ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಪಿಕಿಲ್ ಹೊಡೆಯುತ್ತ ಕೂತರೆ ಓಟದಲ್ಲಿ ನೀವೇ ಸೋಲುತ್ತೀರಿ. ಒಂದನ್ನು ಕೊಲ್ಲುವಷ್ಟರಲ್ಲಿ ಮುಂದಿನದು ಹುಟ್ಟಿರುತ್ತದೆ. ಮೊದಲು ಎಂವಿ ಕಮಾಂಡ್‌ನಿಂದ ಸ್ಕ್ರಿಪ್ಟ್‌ನ ಹೆಸರು ಬದಲಿಸಿ. ಮುಂದಿನ ಕರೆಗೆ ಸ್ಕ್ರಿಪ್ಟ್ ಸಿಗದೆ ಸರಪಳಿ ಕಡಿಯುತ್ತದೆ. ಉಳಿದದ್ದನ್ನು ಆಮೇಲೆ ಪಿಕಿಲ್‌ನಿಂದ ಗುಡಿಸಿ.

ತಿದ್ದುವುದು ಸುಲಭ: ಸ್ಕ್ರಿಪ್ಟ್ ಒಳಗೆ ಎಕ್ಸ್‌ಡಿಜಿ-ಓಪನ್ ಬೇಡವೇ ಬೇಡ, ಪ್ರತಿ ಬ್ರೌಸರನ್ನೂ ಪೂರ್ಣ ಪಾತ್ ಕೊಟ್ಟು ಕರೆಯಿರಿ. 'ಆಗಲೇ ಒಮ್ಮೆ ಓಡಿದ್ದೇನೆ' ಎಂದು ಒಂದು ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿ ತಡೆಯುವ ಉಪಾಯವನ್ನು ಕೆಲವರು ಹೇಳುತ್ತಾರೆ. ನಡುವೆ ಡಿ-ಬಸ್ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಸುದ್ದಿ ಕಳಿಸುವ ದಾರಿ) ಮೂಲಕ ಬೇರೆ ಪ್ರೋಸೆಸ್ ಬ್ರೌಸರನ್ನು ಎಬ್ಬಿಸಿದರೆ ಆ ವೇರಿಯಬಲ್ ದಾಟಿ ಬರುವುದಿಲ್ಲ, ತಡೆ ಅಲ್ಲಿಗೆ ಮುರಿಯಿತು. ಬ್ರೌಸರ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ ಎಕ್ಸ್‌ಡಿಜಿ-ಓಪನ್ ಎಂದೇ ಬರೆದಿಟ್ಟರೂ ಇದೇ ಸುಳಿ. ಅಂದಹಾಗೆ ಆ ವೇರಿಯಬಲ್ ಇರುವಾಗ ಎಕ್ಸ್‌ಡಿಜಿ-ಸೆಟ್ಟಿಂಗ್ಸ್‌ನಿಂದ ಡೀಫಾಲ್ಟ್ ಬದಲಿಸಲು ಹೋದರೆ ಅದು ಒಪ್ಪದೇ ಇರಬಹುದು. ಎಲ್ಲಿ ಬರೆದಿದ್ದೀರೋ ಅಲ್ಲಿಂದ ತೆಗೆದು, ಲಾಗ್‌ಔಟ್ ಆಗಿ ಬನ್ನಿ.

'ಆಗಲೇ ಓಡುತ್ತಿದೆ' ಪೆಟ್ಟಿಗೆ

ಫೈರ್‌ಫಾಕ್ಸ್ ಒಂದು ಪ್ರೊಫೈಲ್‌ಗೆ ಒಂದೇ ಪ್ರೋಸೆಸ್ ಬಿಡುತ್ತದೆ. ಎರಡನೆಯ ಸಲ ಕರೆದಾಗ ಓಡುತ್ತಿರುವುದಕ್ಕೆ ವಿಳಾಸ ದಾಟಿಸಿ ತಾನು ಹೊರಟುಹೋಗಬೇಕು. ಸ್ಕ್ರಿಪ್ಟ್‌ನಲ್ಲಿ --ನೋ-ರಿಮೋಟ್ ಇದ್ದರೆ ದಾಟಿಸುವ ಪ್ರಯತ್ನವನ್ನೇ ಮಾಡುವುದಿಲ್ಲ. ಬೀಗ ಹಾಕಿದ ಪ್ರೊಫೈಲ್ ಕಂಡು ಪೆಟ್ಟಿಗೆ ತೋರಿಸುತ್ತದೆ. ಎರಡು ಪ್ರೊಫೈಲ್ ಒಟ್ಟಿಗೆ ಓಡಿಸಲು ಎಂದೋ ಸೇರಿಸಿ ಮರೆತ ಆಯ್ಕೆ ಅದು, ತೆಗೆಯಿರಿ.

ಅದಿಲ್ಲದೆಯೂ ಪೆಟ್ಟಿಗೆ ಬಂದರೆ, ಓಡುತ್ತಿರುವ ಫೈರ್‌ಫಾಕ್ಸ್ ಮತ್ತು ಹೊಸದಾಗಿ ಕರೆದದ್ದು ಇಬ್ಬರೂ ಬೇರೆ ಬೇರೆ ಭಾಷೆಯಲ್ಲಿ ಮಾತಾಡುತ್ತಿರಬಹುದು. ವೇಲ್ಯಾಂಡ್, ಎಕ್ಸ್11 ಎಂಬವು ಪರದೆಯ ಮೇಲೆ ಕಿಟಕಿ ತೋರಿಸುವ ಎರಡು ವ್ಯವಸ್ಥೆಗಳು. ವೇಲ್ಯಾಂಡ್‌ನಲ್ಲಿ ಓಡುವ ಫೈರ್‌ಫಾಕ್ಸ್ ಸುದ್ದಿ ಕೇಳುವುದು ಡಿ-ಬಸ್ ಮೂಲಕ, ಎಕ್ಸ್11ನಲ್ಲಿ ಓಡುವುದು, ಹಳೆಯ ಆವೃತ್ತಿಗಳಲ್ಲಾದರೂ, ಎಕ್ಸ್ ಸರ್ವರ್ ಮೂಲಕ. ಮೆನುವಿನಿಂದ ತೆರೆದಾಗ ಮೋಝ್_ಎನೇಬಲ್_ವೇಲ್ಯಾಂಡ್=1 ಇದ್ದು, ಲಾಂಚರ್ ಸ್ಕ್ರಿಪ್ಟ್‌ನಲ್ಲಿ 0 ಇದ್ದರೆ ಎತ್ತು ಏರಿಗೆ, ಕೋಣ ನೀರಿಗೆ. 2023ರ ಡಿಸೆಂಬರ್‌ನಲ್ಲಿ ಬಂದ 121ನೇ ಆವೃತ್ತಿಯಿಂದ ವೇಲ್ಯಾಂಡ್ ಸೆಷನ್‌ನಲ್ಲಿ ವೇಲ್ಯಾಂಡೇ ಡೀಫಾಲ್ಟ್ ಆದ್ದರಿಂದ, ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಉಳಿದಿರುವ ಈ ಸಾಲಿನಿಂದ ಈಗ ಉಪಕಾರಕ್ಕಿಂತ ಕಾಟವೇ ಹೆಚ್ಚು. ಪ್ರೊಫೈಲ್‌ನ ಲಾಕ್ ಫೈಲ್ ಅಳಿಸಿ ಎಂಬ ಸಲಹೆಯನ್ನು ಬ್ರೌಸರ್ ಓಡುತ್ತಿರುವಾಗ ಪಾಲಿಸಬೇಡಿ. ಎರಡು ಪ್ರೋಸೆಸ್ ಒಂದೇ ಪ್ರೊಫೈಲ್‌ಗೆ ಬರೆದರೆ ಬುಕ್‌ಮಾರ್ಕ್, ಇತಿಹಾಸ ಎಲ್ಲ ಹಾಳಾಗಬಹುದು.

ಕ್ರೋಮಿಯಂನ ಬೀಗ ಸಿಂಗಲ್‌ಟನ್‌ಲಾಕ್ ಎಂಬ ಸಿಮ್‌ಲಿಂಕ್. ಅದು ತೋರಿಸುವುದು ಕಂಪ್ಯೂಟರ್‌ನ ಹೆಸರು ಮತ್ತು ಪ್ರೋಸೆಸ್ ಸಂಖ್ಯೆ. ಹೋಸ್ಟ್‌ನೇಮ್ ಬದಲಿಸಿದ ಮೇಲೆ 'ಬೇರೆ ಕಂಪ್ಯೂಟರ್ ಈ ಪ್ರೊಫೈಲ್ ಬಳಸುತ್ತಿದೆ' ಎಂದರೆ ಕಾರಣ ಇದೇ. ಕ್ರೋಮಿಯಂ ಪೂರ್ತಿ ಮುಚ್ಚಿದೆ ಎಂದು ಖಚಿತ ಮಾಡಿಕೊಂಡು ಆ ಸಿಮ್‌ಲಿಂಕ್ ಅಳಿಸಿ.

ಟರ್ಮಿನಲ್‌ನಲ್ಲಿ ಸರಿ, ಕ್ಲಿಕ್ಕಿಗೆ ಮಾತ್ರ ತಪ್ಪು

ಬಲೆ ಬರೆದಿಟ್ಟ ಎನ್ವಿರಾನ್ಮೆಂಟ್ ಪಟ್ಟಿಯನ್ನು ಈಗ ತೆಗೆಯಿರಿ. ಟರ್ಮಿನಲ್‌ನ ಪಟ್ಟಿಯೊಂದಿಗೆ ಡಿಫ್ ಮಾಡಿ ನೋಡಿದರೆ ಸಾಮಾನ್ಯವಾಗಿ ಎರಡರಲ್ಲೊಂದು ಕಾಣುತ್ತದೆ.

ಒಂದು ಪಾತ್. ನೀವು .ಬ್ಯಾಷ್‌ಆರ್‌ಸಿಯಲ್ಲಿ ಸೇರಿಸಿದ ಫೋಲ್ಡರ್ ಟರ್ಮಿನಲ್‌ಗೆ ಗೊತ್ತು, ಡೆಸ್ಕ್‌ಟಾಪ್ ಸೆಷನ್‌ಗೆ ಗೊತ್ತಿಲ್ಲ. ಅದು ಆ ಫೈಲ್ ಓದುವುದಿಲ್ಲ. ಎಕ್ಸೆಕ್ ಸಾಲಿನಲ್ಲಿ ಪೂರ್ಣ ಪಾತ್ ಬರೆಯಿರಿ. ~ ಅಥವಾ $ಹೋಮ್ ಬರೆದರೆ ಬಿಡಿಸಿಕೊಳ್ಳುತ್ತದೆಂದು ನಂಬಬೇಡಿ, ಅಲ್ಲಿ ಶೆಲ್ ಇಲ್ಲ.

ಇನ್ನೊಂದು ಎಲ್‌ಡಿ_ಲೈಬ್ರರಿ_ಪಾತ್. ತನ್ನದೇ ಲೈಬ್ರರಿಗಳನ್ನು ಹೊತ್ತು ಬರುವ ಆ್ಯಪ್‌ಗಳು, ಮುಖ್ಯವಾಗಿ ಆ್ಯಪ್‌ಇಮೇಜ್‌ಗಳು, ಶುರುವಾಗುವಾಗ ಇದನ್ನು ತಮ್ಮ ಫೋಲ್ಡರ್‌ಗೆ ತಿರುಗಿಸುತ್ತವೆ. ಅವು ಎಬ್ಬಿಸುವ ಬ್ರೌಸರ್‌ಗೂ ಅದೇ ವೇರಿಯಬಲ್ ಬಳುವಳಿ. ಬ್ರೌಸರ್ ಆ್ಯಪ್‌ನ ಹಳೆಯ ಲೈಬ್ರರಿ ಎತ್ತಿಕೊಂಡು, 'ಸಿಂಬಲ್ ಲುಕಪ್' ದೋಷ ಕಾರಿ, ಕಿಟಕಿ ತೆರೆಯುವ ಮೊದಲೇ ಸಾಯುತ್ತದೆ. ಒಂದೇ ಒಂದು ಆ್ಯಪ್‌ನ ಲಿಂಕ್ ಮಾತ್ರ ತೆರೆಯುತ್ತಿಲ್ಲ, ಬ್ರೌಸರ್ ಮೊದಲೇ ತೆರೆದಿದ್ದರೂ ಅಷ್ಟೇ ಎಂದರೆ ಇದನ್ನೇ ಶಂಕಿಸಿ. ಓಡುತ್ತಿರುವ ಆ್ಯಪ್‌ನ ಎನ್ವಿರಾನ್ಮೆಂಟ್ ಇಣುಕಲು /ಪ್ರಾಕ್ ಒಳಗೆ ಅದರ ಸಂಖ್ಯೆಯ ಫೋಲ್ಡರ್‌ನಲ್ಲಿ ಎನ್ವಿರಾನ್ ಫೈಲ್ ಇದೆ. ಆದರೆ ಅದು ಆ ಪ್ರೋಸೆಸ್ ಶುರುವಾದ ಕ್ಷಣದ ಪಟ್ಟಿ, ಆಮೇಲೆ ಆ್ಯಪ್ ತಾನೇ ಬದಲಿಸಿಕೊಂಡದ್ದು ಅದರಲ್ಲಿ ಕಾಣುವುದಿಲ್ಲ. ಬಲೆಯ ಲಾಗೇ ಹೆಚ್ಚು ನಂಬಿಕಸ್ಥ.

ಸ್ವೇಯಂಥ ಹಗುರ ಸೆಷನ್‌ಗಳಲ್ಲಿ ಫ್ಲ್ಯಾಟ್‌ಪ್ಯಾಕ್ ಆ್ಯಪ್‌ನ ಲಿಂಕ್ ಒತ್ತಿದರೆ ಮೌನ ಎಂದಾದರೆ, ಅಂಥ ಆ್ಯಪ್‌ಗಳ ಪರವಾಗಿ ಲಿಂಕ್ ತೆರೆಯುವ ಎಕ್ಸ್‌ಡಿಜಿ-ಡೆಸ್ಕ್‌ಟಾಪ್-ಪೋರ್ಟಲ್‌ಗೆ ಪರದೆಯ ವಿಳಾಸವೇ ತಿಳಿದಿಲ್ಲ. ಸೆಷನ್ ಶುರುವಾಗುವಲ್ಲಿ 'ಡಿಬಸ್-ಅಪ್‌ಡೇಟ್-ಆ್ಯಕ್ಟಿವೇಷನ್-ಎನ್ವಿರಾನ್ಮೆಂಟ್ --ಸಿಸ್ಟಂಡಿ' ಕಮಾಂಡ್‌ಗೆ ವೇಲ್ಯಾಂಡ್_ಡಿಸ್‌ಪ್ಲೇ, ಡಿಸ್‌ಪ್ಲೇ, ಎಕ್ಸ್‌ಡಿಜಿ_ಕರೆಂಟ್_ಡೆಸ್ಕ್‌ಟಾಪ್ ಮೂರನ್ನೂ ಕೊಟ್ಟು ಓಡಿಸಿ. ಅದು ಏನು ಗೊಣಗುತ್ತಿದೆ ಎಂದು 'ಜರ್ನಲ್‌ಸಿಟಿಎಲ್ --ಯೂಸರ್ -ಎಫ್' ತೆರೆದಿಟ್ಟು ಲಿಂಕ್ ಒತ್ತಿದರೆ ಗೊತ್ತಾಗುತ್ತದೆ. ಬ್ರೌಸರ್ ಸ್ನ್ಯಾಪ್ ಆಗಿದ್ದು /ಟಿಎಂಪಿಯಲ್ಲಿರುವ ಫೈಲ್ ಮಾತ್ರ ತೆರೆಯದಿದ್ದರೆ ಸ್ಕ್ರಿಪ್ಟನ್ನು ಬೈಯಬೇಡಿ. ಸ್ನ್ಯಾಪ್‌ಗೆ ಅದರದೇ ಪ್ರತ್ಯೇಕ /ಟಿಎಂಪಿ ಇದೆ.

.ಡೆಸ್ಕ್‌ಟಾಪ್ ಫೈಲ್

ಇಲ್ಲಿ ನೋಡಬೇಕಾದ್ದು ಸ್ವಲ್ಪವೇ. ಎಕ್ಸೆಕ್ ಸಾಲಿನ ಕೊನೆಗೆ %ಯು ಇರಬೇಕು. ಸಣ್ಣ ಅಕ್ಷರದ್ದು ಒಂದು ವಿಳಾಸಕ್ಕೆ, ದೊಡ್ಡ ಅಕ್ಷರದ್ದು ಹಲವಕ್ಕೆ. ಅದಿಲ್ಲದಿದ್ದರೆ ವಿಳಾಸ ತಲುಪುವ ಭರವಸೆ ಇಲ್ಲ, ಬರೀ ಮುಖಪುಟ ತೆರೆಯಬಹುದು. %ಎಫ್ ಫೈಲ್‌ಗಳಿಗೆ, ಜಾಲದ ವಿಳಾಸಕ್ಕಲ್ಲ. ಒಂದು ಸಾಲಿನಲ್ಲಿ ಇಂಥದ್ದು ಒಂದೇ ಇರಬೇಕು, ಕೋಟ್ ಒಳಗೆ ಇರಬಾರದು. ಆದ್ದರಿಂದ 'ಎಸ್‌ಎಚ್ -ಸಿ' ಬರೆದು ಕೋಟ್ ಒಳಗೆ %ಯು ತುರುಕಿದ ಸಾಲು ಎರಡು ಬಗೆಯಲ್ಲಿ ತಪ್ಪು: ನಿಯಮಕ್ಕೂ ವಿರುದ್ಧ, ಮೇಲೆ ಹೇಳಿದ ಇವ್ಯಾಲ್‌ನ ಅಪಾಯವೂ ಇದೆ. ಡಿಬಸ್‌ಆ್ಯಕ್ಟಿವೇಟಬಲ್=ಟ್ರೂ ಇರುವ ಫೈಲ್‌ನಲ್ಲಿ ಎಕ್ಸೆಕ್ ತಿದ್ದಿದರೂ ಏನೂ ಬದಲಾಗದಿರಬಹುದು; ಆ್ಯಪನ್ನು ಡಿ-ಬಸ್ ಮೂಲಕವೇ ಎಬ್ಬಿಸಲಾಗುತ್ತದೆ. ತಿದ್ದಿದ ಮೇಲೆ ಡೆಸ್ಕ್‌ಟಾಪ್-ಫೈಲ್-ವ್ಯಾಲಿಡೇಟ್, ಅದರ ಬೆನ್ನಿಗೆ ಅಪ್‌ಡೇಟ್-ಡೆಸ್ಕ್‌ಟಾಪ್-ಡೇಟಾಬೇಸ್ ಓಡಿಸಿ.

ತಿದ್ದುವುದು ಎಲ್ಲಿ

/ಯುಎಸ್‌ಆರ್ ಒಳಗಿನ ಫೈಲ್ ತಿದ್ದಿದರೆ ಮುಂದಿನ ಅಪ್‌ಡೇಟ್ ಅದನ್ನು ಅಳಿಸಿ ಬರೆಯುತ್ತದೆ. .ಡೆಸ್ಕ್‌ಟಾಪ್ ಫೈಲನ್ನು ಅದೇ ಹೆಸರಿನಲ್ಲಿ .ಲೋಕಲ್/ಷೇರ್/ಅಪ್ಲಿಕೇಷನ್ಸ್‌ಗೆ ನಕಲು ಮಾಡಿ ಅಲ್ಲಿ ತಿದ್ದಿ. ನಿಮ್ಮದಕ್ಕೇ ಮೊದಲ ಮಣೆ. ಸ್ಕ್ರಿಪ್ಟ್ ಕೂಡ .ಲೋಕಲ್/ಬಿನ್‌ನಲ್ಲಿರಲಿ, ಹೆಸರು ಮಾತ್ರ ಬ್ರೌಸರ್‌ನದ್ದೇ ಇಡಬೇಡಿ. ಫೈರ್‌ಫಾಕ್ಸ್ ಎಂಬ ಸ್ಕ್ರಿಪ್ಟ್ ಒಳಗೆ ಬರೀ ಫೈರ್‌ಫಾಕ್ಸ್ ಎಂದು ಕರೆದರೆ ಮತ್ತೆ ಅದೇ ಗಾಣ.

ಹೆಚ್ಚಿನವರಿಗೆ ಇಷ್ಟು ಸಾಕು:

#!/ಬಿನ್/ಎಸ್‌ಎಚ್
ಅನ್‌ಸೆಟ್ ಎಲ್‌ಡಿ_ಲೈಬ್ರರಿ_ಪಾತ್
ಇಫ್ [ "$#" -ಜಿಟಿ 0 ]; ದೆನ್
ಸೆಟ್ -- --ನ್ಯೂ-ವಿಂಡೋ "$@"
ಎಫ್‌ಐ
ಎಕ್ಸೆಕ್ /ಯುಎಸ್‌ಆರ್/ಬಿನ್/ಫೈರ್‌ಫಾಕ್ಸ್ "$@"

ನಾಲ್ಕನೆಯ ಸಾಲಿನ 'ಸೆಟ್ --' ಗಮನಿಸಿ. ಡ್ಯಾಷ್‌ನಲ್ಲಿ ಅರೇ ಇಲ್ಲ. ಆಯ್ಕೆಗಳನ್ನು ಒಂದು ವೇರಿಯಬಲ್‌ನಲ್ಲಿ ತುಂಬಿ ಕೋಟ್ ಇಲ್ಲದೆ ಬಿಡಿಸುವ ಬದಲು ಹೀಗೆ ಆರ್ಗ್ಯುಮೆಂಟ್ ಪಟ್ಟಿಯ ಮುಂದಕ್ಕೇ ಸೇರಿಸಿದರೆ ಯಾವುದೂ ಒಡೆಯುವುದಿಲ್ಲ. ಹೊಸ ಕಿಟಕಿ ಬೇಡವಾದರೆ ಇಫ್‌ನಿಂದ ಎಫ್‌ಐವರೆಗಿನ ಮೂರು ಸಾಲು ತೆಗೆದುಬಿಡಿ. ಕೊನೆಯ ಸಾಲಿನ ಎಕ್ಸೆಕ್ ಇದ್ದರೆ ಸ್ಕ್ರಿಪ್ಟ್‌ನ ಪ್ರೋಸೆಸ್ಸೇ ಬ್ರೌಸರ್ ಆಗಿ ಬದಲಾಗುತ್ತದೆ, ಹಿಂದೆ ಒಂದು ಶೆಲ್ ಕಾಯುತ್ತ ಕೂರುವುದಿಲ್ಲ.

ಕಿಡಿಗೇಡಿ ವಿಳಾಸದೊಂದಿಗೆ ಐದೂ ಮೆಟ್ಟಿಲು ಮತ್ತೆ ಹತ್ತಿ: ಒಮ್ಮೆ ಬ್ರೌಸರ್ ಮುಚ್ಚಿಟ್ಟು, ಒಮ್ಮೆ ತೆರೆದಿಟ್ಟು. ಬರೆದಿಟ್ಟುಕೊಂಡ ಹಳೆಯ ಡೀಫಾಲ್ಟನ್ನು ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡಕ್ಕೂ ಮರಳಿಸಿ. ಬಲೆಯ ಎರಡು ಫೈಲ್‌ಗಳನ್ನೂ, /ಟಿಎಂಪಿಯ ಲಾಗನ್ನೂ ಅಳಿಸಿ. ಲಾಗ್‌ನಲ್ಲಿ ನಿಮ್ಮ ಪೂರ್ತಿ ಎನ್ವಿರಾನ್ಮೆಂಟ್ ಇದೆ, ಅದರಲ್ಲಿ ಟೋಕನ್, ಪಾಸ್‌ವರ್ಡ್‌ಗಳೂ ಇರಬಹುದು.